ತಟ್ಟೆಯ ಹಿಂದಿನ ಬಾಯಿ

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಬಾಲದ ಟೀಚರ್ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ನಗುತ್ತ ಓಗೊಡುತ್ತಿದ್ದಳು. ಇನ್ನೂ ಒಂದನೇ ತರಗತಿಯ ಮೆಟ್ಟಿಲು ಹತ್ತದ ಚಿಳ್ಳೆಪಿಳ್ಳೆಗಳಿಗೆ ಪದದ ಕೊನೆಯ ಸದ್ದನ್ನು ಗುರುತಿಸಲು ಕಲಿಸುವುದು ಅವಳ ಕೆಲಸ. ಆ ಕೊನೆಯ ಸದ್ದಿಗೆ ಅವಳಿಟ್ಟ ಹೆಸರು ಬಾಲ.

"ಪದದ ತಲೆ ಯಾರಿಗಾದ್ರೂ ಸಿಗುತ್ತೆ. ಬಾಲ ಬರೋ ಹೊತ್ತಿಗೆ ಮಕ್ಕಳ ಗಮನ ಕಿಟಕಿ ಹಾರಿರುತ್ತೆ," ಎನ್ನುತ್ತಿದ್ದಳು. ಬಾಲ ಹಿಡಿಯಲು ಕಲಿತ ಮಗು ಮುಂದೆ ಬರೆಯುವಾಗ ಪದವನ್ನು ಅರ್ಧಕ್ಕೆ ಬಿಡುವುದಿಲ್ಲ ಎಂಬುದು ಅವಳ ನಂಬಿಕೆ.

ಶಾಲೆಯ ಆ ಕೋಣೆಯನ್ನು ನಾನೂ ನೋಡಿದ್ದೇನೆ. ಬಾಗಿಲ ಪಕ್ಕದಲ್ಲಿ ಪುಟ್ಟ ಚಪ್ಪಲಿಗಳ ರಾಶಿ, ನೆಲದ ಮೇಲೆ ಅಂಚು ಬಿಚ್ಚಿದ ಚಾಪೆ, ಗೋಡೆಗೆ ಕೈಯೆಟುಕುವಷ್ಟು ಎತ್ತರದವರೆಗೆ ಮಕ್ಕಳ ಬೆರಳಿನ ಗುರುತು. ದೊಡ್ಡಮ್ಮ ನಡುವೆ ಕೂತು ಕೇಳುತ್ತಿದ್ದಳು.

"ಬಾಗಿಲು. ನವಿಲು. ಎರಡಕ್ಕೂ ಬಾಲ ಏನು?"

"ಲು!"

"ಟೀಚರ್, ನವಿಲಿಗೆ ಬಾಲ ಇದೆ. ಬಾಗಿಲಿಗೆ ಎಲ್ಲಿದೆ?" ಎಂದು ಒಬ್ಬ ತರಲೆ ಎದ್ದು ನಿಲ್ಲುತ್ತಿದ್ದ.

"ಚಿಲಕ ನೇತಾಡ್ತಿದೆಯಲ್ಲೋ ಕೋತಿ, ಅದನ್ನೇ ಹಿಡ್ಕೋ. ಈಗ ಕೂತ್ಕೋ!"

ಕೆಲವು ಮಕ್ಕಳು ಸದ್ದು ಕೇಳುವ ಬದಲು ಟೀಚರ್ ತುಟಿಯನ್ನೇ ನೋಡಿ ಉತ್ತರ ಹೇಳುತ್ತವೆ. ಅದಕ್ಕೆ ದೊಡ್ಡಮ್ಮ ಒಂದು ಉಪಾಯ ಮಾಡಿಕೊಂಡಿದ್ದಳು. ಊಟದ ಸ್ಟೀಲ್ ತಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು, "ಕಣ್ಣಿಗೆ ರಜ, ಕಿವಿಗೆ ಕೆಲಸ," ಎಂದು ಸಾರಿ ಪದ ಹೇಳುತ್ತಿದ್ದಳು. ಬೇರೆ ಟೀಚರುಗಳೂ ಬಂದು ನೋಡಿ ಆ ಉಪಾಯವನ್ನು ಕಲಿತು ಹೋಗಿದ್ದರು.

ಒಂದು ವರ್ಷ ಅವಳ ತರಗತಿಗೆ ಒಬ್ಬಳು ಹುಡುಗಿ ಬಂದಳು. ಪುಟ್ಟ ಆಳು, ತಲೆ ಸದಾ ಅತ್ತಿತ್ತ ಹೊರಳುತ್ತಿತ್ತು. ಎಲ್ಲರೂ ಗುಬ್ಬಿ ಎಂದರು. ತಟ್ಟೆ ಕೆಳಗಿದ್ದಾಗ ಗುಬ್ಬಿ ಎಲ್ಲರಿಗಿಂತ ಮೊದಲು ಬಾಲ ಹಿಡಿಯುತ್ತಿದ್ದಳು. ತಟ್ಟೆ ಮೇಲೇರಿದರೆ ಬಾಯಿಗೆ ಬೀಗ. ದೊಡ್ಡಮ್ಮ ಪಕ್ಕಕ್ಕೆ ತಿರುಗಿದರೆ ಅವಳೂ ಚಾಪೆಯ ಮೇಲೆ ಜರುಗಿ ಜರುಗಿ ಪಕ್ಕಕ್ಕೆ ಬಂದು ಇಣುಕುತ್ತಿದ್ದಳು.

"ನೋಡ್ರೋ, ಕಳ್ಳ ಗುಬ್ಬಿ! ನನ್ನ ಬಾಯಿಂದಾನೇ ಕಾಳು ಕದೀತಾಳೆ," ಎಂದು ದೊಡ್ಡಮ್ಮ ನಗೆಯಾಡಿದಳು. ಮಕ್ಕಳು ಕಿಲಕಿಲ ನಕ್ಕರು. ಎಲ್ಲರೂ ನಗುವುದನ್ನು ನೋಡಿ ಗುಬ್ಬಿಯೂ ನಕ್ಕಳಂತೆ. ಇಣುಕುವ ಚಾಳಿ ಬಿಡಲಿ ಎಂದು ದೊಡ್ಡಮ್ಮ ಅವಳನ್ನು ಕೊನೆಯ ಸಾಲಿಗೆ, ಕಿಟಕಿಯ ಬುಡಕ್ಕೆ ಕೂರಿಸಿದಳು. ಅಲ್ಲಿಂದ ಗುಬ್ಬಿಗೆ ಬಾಲವೂ ಸಿಗಲಿಲ್ಲ, ತಲೆಯೂ ಸಿಗಲಿಲ್ಲ. ವರ್ಷದ ಕೊನೆಗೆ ಅವಳ ತಾಯಿ ಬಂದಾಗ ದೊಡ್ಡಮ್ಮ ಹೇಳಿದ್ದು ಇಷ್ಟು:

"ಜಾಣೆ ಕಣಮ್ಮ, ಆದ್ರೆ ಸೋಮಾರಿ. ಮನೇಲಿ ಸ್ವಲ್ಪ ಗದರಿ."

ಟೀಚರ್ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ತಾಯಿ ಗದರಿದಳು. ಮುಂದಿನ ತರಗತಿಗಳಲ್ಲಿ ಉಳಿದವರೂ ಗದರಿದರು. ಕೊನೆಗೆ ಯಾರೋ ಕಿವಿಯ ಡಾಕ್ಟರಿಗೆ ತೋರಿಸಿ ಎಂದರು. ಗುಬ್ಬಿಗೆ ಎರಡು ಕಿವಿಯೂ ಮಂದ, ಮೊದಲಿನಿಂದಲೂ ಮಂದ ಎಂದು ಗೊತ್ತಾಯಿತು. ಅಷ್ಟು ದಿನ ಅವಳು ನಡೆದದ್ದೆಲ್ಲ ಎದುರಿನವರ ತುಟಿ ಹಿಡಿದುಕೊಂಡು.

ತಾಯಿ ಶಾಲೆಗೆ ಬಂದು ಸುದ್ದಿ ಹೇಳಿದಳು. ಜಗಳಕ್ಕೆ ಬಂದವಳಲ್ಲ. "ನಿಮಗೆ ಗೊತ್ತಾಗಿದ್ರೆ ಆಗಲೇ ಹೇಳ್ತಿದ್ರಿ ಅಲ್ವಾ ಟೀಚರ್?" ಎಂದು ಕೇಳಿದಳು.

ದೊಡ್ಡಮ್ಮ "ಹೂಂ" ಎಂದಳಂತೆ. ಅಷ್ಟೇ. ತಪ್ಪಾಯಿತು ಎನ್ನುವ ಮಾತು ಬಾಯಿವರೆಗೆ ಬಂದು ನಿಂತುಬಿಟ್ಟಿತು.

ಮಾರನೆಯ ದಿನದಿಂದ ತಟ್ಟೆ ಊಟಕ್ಕೆ ಮಾತ್ರ. ಯಾವ ಮಗು ಬಾಲ ತಪ್ಪಿಸಿದರೂ ದೊಡ್ಡಮ್ಮ ಮೊದಲು ಎದುರಿಗೆ ಕೂತು ಕೇಳುವಳು, ಆಮೇಲೆ ಬೆನ್ನ ಹಿಂದೆ ನಿಂತು ಮೆಲ್ಲಗೆ ಕೇಳುವಳು. ಎರಡಕ್ಕೂ ಉತ್ತರ ಬೇರೆ ಬೇರೆ ಬಂದರೆ ಆ ದಿನವೇ ಮನೆಯವರಿಗೆ ಹೇಳಿ ಡಾಕ್ಟರ ಬಳಿಗೆ ಕಳಿಸುವಳು. ಹಾಗೆ ಕೆಲವು ಮಕ್ಕಳ ಕಷ್ಟ ಬೇಗ ತಿಳಿಯಿತು. ಜನ ಹೊಗಳಿದರು. ಹೊಗಳಿದಾಗಲೆಲ್ಲ ಅವಳು ಮಾತು ಬೇರೆ ಕಡೆ ತಿರುಗಿಸುತ್ತಿದ್ದಳು.

ಅವಳು ನಿವೃತ್ತಳಾದ ಮೇಲೆ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಅಂಗಡಿ ತೆರೆಯಿತು. ಅಂಗಡಿಯವಳು ಗುಬ್ಬಿ. ಇದು ತಿಳಿದಾಗಿನಿಂದ ದೊಡ್ಡಮ್ಮ ತರಕಾರಿಗೆ ಸುತ್ತು ಹಾಕಿಕೊಂಡು ಹೋಗತೊಡಗಿದಳು. "ಮಂಡಿ ನೋವು ಅಂತೀಯ, ಸುತ್ತೋದು ಯಾಕೆ?" ಎಂದು ಅಮ್ಮ ರೇಗುತ್ತಿದ್ದರು. ಒಂದು ಬೆಳಿಗ್ಗೆ ಏನನ್ನಿಸಿತೋ, ರವಿಕೆ ಬಟ್ಟೆಯೊಂದನ್ನು ಚೀಲಕ್ಕೆ ಹಾಕಿ, "ಬಾರೇ," ಎಂದು ನನ್ನನ್ನೂ ಎಬ್ಬಿಸಿದಳು.

ಅಂಗಡಿಯಲ್ಲಿ ಇನ್ನೊಬ್ಬಳು ಮಿಷನ್ ತುಳಿಯುತ್ತಿದ್ದಳು. ಕಾಲಡಿಯಲ್ಲಿ ಬಣ್ಣಬಣ್ಣದ ಚಿಂದಿ. ಗುಬ್ಬಿ ಕತ್ತರಿ ಕೆಳಗಿಟ್ಟು ತಲೆ ಎತ್ತಿದಳು. ಕಿವಿಯ ಹಿಂದೆ ಪುಟ್ಟ ಯಂತ್ರವಿತ್ತು.

"ಅಯ್ಯೋ, ಬಾಲದ ಟೀಚರ್! ಬನ್ನಿ, ಬನ್ನಿ. ತಟ್ಟೆ ಎಲ್ಲಿ ಬಿಟ್ಟು ಬಂದ್ರಿ?"

ಅವಳು ನಗುತ್ತಲೇ ಕೇಳಿದಳು. ದೊಡ್ಡಮ್ಮ ಚೀಲದ ಹಿಡಿ ತಿರುಚುತ್ತ, ತಲೆ ತಗ್ಗಿಸಿ ಏನೋ ಹೇಳಿದಳು. ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಗುಬ್ಬಿಗೆ ಇಲ್ಲ.

"ತಲೆ ಎತ್ತಿ ಹೇಳಿ ಟೀಚರ್. ನೆಲಕ್ಕೆ ಹೇಳಿದ್ರೆ ನನಗೆ ಸಿಗಲ್ಲ. ಮಿಷನ್ ಸದ್ದು ಬೇರೆ."

ದೊಡ್ಡಮ್ಮ ತಲೆ ಎತ್ತಿದಳು. ಬಾಯಿ ತೆರೆದಳು, ಆದರೆ ತುಟಿ ನಡುಗಿತು.

"ನಡುಗಿದ್ರೂ ಗೊತ್ತಾಗಲ್ಲ. ನಿಧಾನ."

ದೊಡ್ಡಮ್ಮ ಮಕ್ಕಳಿಗೆ ಹೇಳುವ ಹಾಗೆ, ಒಂದೊಂದು ಪದವನ್ನೂ ಕೊನೆಯವರೆಗೆ ಹೇಳಿದಳು. "ನೀನು ಸೋಮಾರಿ ಆಗಿರ್ಲಿಲ್ಲ. ತಪ್ಪು ನಂದು."

ಗುಬ್ಬಿ ಆ ಬಾಯಿಯನ್ನು ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಂತಳು.

"ಸಿಕ್ತು ಟೀಚರ್," ಎಂದಳು. ಆಮೇಲೆ, "ಅಮ್ಮನಿಗೂ ಇದನ್ನ ಹೇಳಬೇಕಿತ್ತು ನೀವು. ನನ್ನ ಗದರಿದ್ದು ನೆನಸ್ಕೊಂಡು ಕೊನೇವರೆಗೂ ಅಳ್ತಿದ್ಳು. ತಪ್ಪೆಲ್ಲ ತನ್ನದೇ ಅಂದ್ಕೊಂಡೇ ಹೋದ್ಳು."

ಗುಬ್ಬಿ ಚೀಲದಿಂದ ಬಟ್ಟೆಯನ್ನು ತಾನೇ ತೆಗೆದುಕೊಂಡಳು. ಕೊರಳಿನ ಟೇಪನ್ನು ಎಳೆದು ದೊಡ್ಡಮ್ಮನ ಎದೆಯ ಸುತ್ತ ತಂದಳು, ಒಂದು ಕ್ಷಣ ತಡೆದಳು.

"ಉಸಿರು ಬಿಡಿ ಟೀಚರ್. ಹಿಡ್ಕೊಂಡಿದ್ರೆ ಅಳತೆ ತಪ್ಪುತ್ತೆ."