ಬದರಿನಾಥರು ಬಿಟ್ಟ ಮಾತು

ಅರವತ್ತರ ದಶಕದಲ್ಲಿ ಜಯನಗರದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಬದರಿನಾಥರಿಗೂ ಗಣಿತದ ಶಾಮಣ್ಣನವರಿಗೂ ಎಣ್ಣೆ ಸೀಗೇಕಾಯಿ, ಅದೂ ಬರೀ ತೋರಿಕೆಗೆ. ರಸಾಯನಶಾಸ್ತ್ರದ ನಾನು ಸ್ಟಾಫ್ ರೂಮಿನಲ್ಲಿ ಇಬ್ಬರ ನಡುವೆ ಕೂತು ಕಾಫಿ ಕುಡಿಯುತ್ತಿದ್ದೆ. ನನ್ನನ್ನು ಇಬ್ಬರೂ ಅಡುಗೆಭಟ್ಟ ಎನ್ನುತ್ತಿದ್ದರು, ಆ ಮಾತು ಬೇರೆ.

ಅವರದೊಂದು ಪಂದ್ಯವಿತ್ತು. ಒಬ್ಬರು ಇನ್ನೊಬ್ಬರ ಶಾಸ್ತ್ರವನ್ನು ಹಂಗಿಸಬೇಕು, ಗಂಟೆ ಹೊಡೆಯುವುದರೊಳಗೆ ಮತ್ತೊಬ್ಬರು ತಿರುಗೇಟು ಕೊಡಬೇಕು. ಉತ್ತರ ಹೊಳೆಯದೆ ಸೋತವರು ಸಂಜೆ ಗೆದ್ದವರ ಪುಸ್ತಕದ ಚೀಲವನ್ನು ತ್ಯಾಗರಾಜನಗರದವರೆಗೂ ಹೊರಬೇಕು. ಇಬ್ಬರ ಮನೆಯೂ ಅಲ್ಲಿ ಒಂದೇ ಬೀದಿಯಲ್ಲಿತ್ತು.

"ಕಾಫಿ ಇದೆ ಅಂತ ಸಾಧಿಸಿದ್ರೆ ಸಾಕು ನಿಂಗೆ, ಕುಡಿಯೋದೇ ಬೇಡ" ಎಂದು ಬದರಿನಾಥರು ಛೇಡಿಸಿದರೆ, "ಘರ್ಷಣೆ, ಗಾಳಿ, ಬೇಡದ್ದನ್ನೆಲ್ಲ ನೆಗ್ಲಿಜಿಬಲ್, ಲೆಕ್ಕಕ್ಕಿಲ್ಲ ಅಂತ ಬಿಡೋನು ನೀನು. ಅದಕ್ಕೇ ನಿನ್ನ ಲೆಕ್ಕದ ಗಾಡಿ ಹೊರಟ್ರೆ ನಿಲ್ಲೋದೇ ಇಲ್ಲ" ಎಂದು ಶಾಮಣ್ಣ.

ಒಂದು ಶುಕ್ರವಾರ ಶಾಮಣ್ಣ ಕಾಫಿ ಮುಟ್ಟದೆ ಎದೆ ಒತ್ತಿಕೊಂಡು ಕೂತರು.

"ಎದೇಲಿ ನೋವಿದೆ ಕಣೋ ಬದರಿ. ಇದೆ ಅಂತ ಸಾಧಿಸಿದ್ದೀನಿ. ಎಷ್ಟು ಅಂತ ಅಳೆಯೋದು ನಿನ್ನ ಕೆಲಸ."

"ಅಳೆದೆ. ನೆಗ್ಲಿಜಿಬಲ್" ಎಂದರು ಬದರಿನಾಥರು.

ನಾವೆಲ್ಲ ನಕ್ಕೆವು. ಶಾಮಣ್ಣ ಬಾಯಿ ತೆರೆದರು, ಮಾತು ಹೊರಡಲಿಲ್ಲ, ಗಂಟೆ ಹೊಡೆಯಿತು. ಸಂಜೆ ಬದರಿನಾಥರ ಚೀಲ ಹೆಗಲಿಗೇರಿಸಿಕೊಂಡು ಹೊರಟರು. ದಾರಿಯಲ್ಲಿ ಅಲ್ಲಲ್ಲಿ ನಿಂತರಂತೆ. ಬದರಿನಾಥರು ಅದನ್ನೂ ನಾಟಕವೆಂದೇ ತಿಳಿದರು. ಬೆಳಗಾಗುವಷ್ಟರಲ್ಲಿ ಶಾಮಣ್ಣ ಹೋಗಿಬಿಟ್ಟಿದ್ದರು.

ಅವರ ಹೆಂಡತಿ ಸೀತಾಲಕ್ಷ್ಮಿ ಬದರಿನಾಥರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವತ್ತು ಬದರಿ ಗೆದ್ದ ಕಣೇ, ನಾಳೆ ಉತ್ತರ ಕೊಡ್ತೀನಿ ಅಂದ್ರು. ನಗ್ತಾನೇ ಮಲಗಿದ್ರು" ಎಂದರು.

ಬದರಿನಾಥರು ಬಾಗಿಲಲ್ಲೇ ಕುಸಿದು ಕೂತು ಅತ್ತರು. ನಾನೇ ಕೈಹಿಡಿದು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದೆ.

ಆಮೇಲೆ ಅವರು ತಮಾಷೆ ಮಾಡಿದ್ದನ್ನು ನಾನು ಕಂಡಿಲ್ಲ. ಪಾಠದಲ್ಲಿ ಇಳಿಜಾರಿನ ಲೆಕ್ಕ ಬಂದರೆ ಘರ್ಷಣೆಯನ್ನೂ ಗಾಳಿಯ ತಡೆಯನ್ನೂ ಬಿಡದೆ ಸೇರಿಸುತ್ತಿದ್ದರು. ಎರಡು ಸಾಲಿನ ಲೆಕ್ಕ ಇಡೀ ಬೋರ್ಡು ತುಂಬುತ್ತಿತ್ತು. ಹುಡುಗರು ದೂರು ಕೊಟ್ಟರು. ಬುದ್ಧಿ ಹೇಳಿ ಬನ್ನಿ ಎಂದು ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು. ನಾನು ಹೋಗಿ ತರಗತಿಯ ಬಾಗಿಲಲ್ಲಿ ನಿಂತಾಗ ಹುಡುಗನೊಬ್ಬ ಎದ್ದ.

"ಸಾರ್, ಪುಸ್ತಕದಲ್ಲಿ ಘರ್ಷಣೆ ನೆಗ್ಲಿಜಿಬಲ್ ಅಂತಿದೆ. ಬಿಟ್ಬಿಡೋಣ್ವಾ?"

ಬದರಿನಾಥರು ಬೋರ್ಡಿನ ಕಡೆಗೇ ಮುಖ ಮಾಡಿ ಬರೆಯುತ್ತಾ ಹೋದರು.

"ಬೇಡಪ್ಪ, ಇರ್ಲಿ. ಒಂದ್ಸಲ ಬಿಟ್ಟಿದ್ದೆ."

ನಾನು ಬಾಗಿಲಿನಿಂದಲೇ ಹಿಂದಿರುಗಿದೆ.