ಅಂಕಲ್ ಫೋಟೋಗೆ ನಾನು ಮಾಡಿಸಿದ ಲ್ಯಾಮಿನೇಷನ್

2014ರಲ್ಲಿ ನಾನು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಓದುತ್ತಿದ್ದೆ. ಅಲ್ಲಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿ ಮೈಸೂರಿನ ರಂಗನಾಥ್ ಅಂಕಲ್ ಮನೆಯ ಒಂದು ರೂಮಿನಲ್ಲಿ ಬಾಡಿಗೆಗಿದ್ದೆ. ಎಪ್ಪತ್ತು ದಾಟಿದ ಅವರಿಗೆ ಒಂದು ಹುಚ್ಚಿತ್ತು. ಗಿಟಾರ್ ಹಿಡಿದು ದನ, ಧೂಳು, ದೂರದ ಊರುಗಳ ಬಗ್ಗೆ ಹಾಡುತ್ತಿದ್ದ ಹಳೇ ಕಂಟ್ರಿ ಗಾಯಕರ ಸಹಿ ಇರುವ ಫೋಟೋಗಳನ್ನು ಕೂಡಿಡುವುದು. ಇನ್ನೂರಕ್ಕೂ ಹೆಚ್ಚಿದ್ದವು. ಹತ್ತಿಯ ಕೈಗವಸಿಲ್ಲದೆ ಒಂದನ್ನೂ ಮುಟ್ಟುತ್ತಿರಲಿಲ್ಲ. ದೇವರ ಮನೆಯಲ್ಲೂ ಇಷ್ಟು ಮಡಿ ಇಲ್ಲವಲ್ಲ ಅಂತ ನಾನು ಒಳಗೊಳಗೇ ನಗುತ್ತಿದ್ದೆ.

ಆ ವರ್ಷ ಅಂಕಲ್‌ಗೆ ಸೊಂಟದ ಆಪರೇಷನ್ ಆಯಿತು. ಬೆಡ್‌ಫರ್ಡ್ ಪಾರ್ಕ್‌ನ ಆಸ್ಪತ್ರೆಯಿಂದ ಫೋನ್ ಮಾಡಿದರು. "ಸುಮಾ, ಈ ಆರ್ವೊ, ಮಧ್ಯಾಹ್ನ ಬರ್ತಾ ನನ್ನ ಮೊದಲನೇ ಫೋಟೋ ತಂದ್ಕೊಡ್ತೀಯಾ? ಮಲಗಿ ಮಲಗಿ ಬೇಜಾರಾಗಿದೆ."

ಆ ಫೋಟೋ ಕಥೆ ನನಗೆ ಗೊತ್ತಿತ್ತು. ಅಂಕಲ್ ಈ ದೇಶಕ್ಕೆ ಬಂದ ಹೊಸದರಲ್ಲಿ, ಮಾತಾಡಿಸುವವರೇ ಇಲ್ಲದ ಸಣ್ಣ ಊರೊಂದರಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿಗೆ ಟೆಂಟಿನಲ್ಲಿ ಹಾಡಲು ಬಂದ ಗಾಯಕಿಯೊಬ್ಬಳು ಅವರ ಹೆಸರು ಕೇಳಿ, ಒಂದೊಂದೇ ಅಕ್ಷರ ಹೇಳಿಸಿಕೊಂಡು, ಪೂರ್ತಿ ಬರೆದು ಸಹಿ ಹಾಕಿದ್ದಳು. "ಅಲ್ಲೀವರೆಗೂ ಎಲ್ರೂ ನನ್ನ ರಾನ್ ಅಂತಿದ್ರು," ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ನೀರೋ ಔಷಧಿಯೋ ಚೆಲ್ಲಿದರೆ ಏನು ಗತಿ ಅಂತ ನನಗೆ ಭಯ. ನಮ್ಮಲ್ಲಿ ಬೆಲೆಯುಳ್ಳ ಕಾಗದ ಅಂದರೆ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ರಾಯರ ಫೋಟೋವರೆಗೆ ಲ್ಯಾಮಿನೇಷನ್ ಆಗಲೇಬೇಕು. ದಾರಿಯಲ್ಲೇ ಒಂದು ಅಂಗಡಿಯಲ್ಲಿ ಮಾಡಿಸಿಬಿಟ್ಟೆ. ಮೆಷಿನ್ನಿನಿಂದ ಹೊರಬಂದದ್ದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಕಾವಿಗೆ ಫೋಟೋ ಗುಳ್ಳೆ ಎದ್ದಿತ್ತು. ಶಾಯಿ ಕದಡಿ, ಅಂಕಲ್ ಹೆಸರೂ ಸಹಿಯೂ ಓದಲಾಗದ ಹಾಗೆ ಹರಡಿಕೊಂಡಿದ್ದವು.

ಬಚ್ಚಿಡೋಣ ಅನ್ನಿಸಿದ್ದು ನಿಜ. ಆದರೂ ವಾರ್ಡಿಗೆ ಹೋಗಿ ಕೈಗೆ ಕೊಟ್ಟು ಅತ್ತುಬಿಟ್ಟೆ. ಅಂಕಲ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಣ್ಣೂ ತುಂಬಿತು.

"ಬಿಡಿಸೋಕೆ ಹೋಗ್ಬೇಡ. ಉಳ್ದಿರೋದೂ ಹೋಗತ್ತೆ," ಅಂದರು. ಆಮೇಲೆ ಮೂಗೊರೆಸಿಕೊಂಡು, "ನಮ್ಮಕ್ಕ ಮಗನ ಡಿಗ್ರಿ ಸರ್ಟಿಫಿಕೇಟಿಗೂ ಹಿಂಗೇ ಮಾಡ್ಸಿದ್ಳು. ಅದ್ರ ಮೇಲೆ ಸೀಲ್ ಹಾಕ್ಸೋಕಾಗ್ದೆ ಅವ್ನು ಊರೆಲ್ಲಾ ಅಲೆದ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಪ್ರತಿ ಫೋಟೋ ಜೊತೆಗೂ ಅಂಕಲ್ ಒಂದು ಚೀಟಿ ಇಡುತ್ತಿದ್ದರು. ಯಾರದು, ಎಲ್ಲಿ ಸಿಕ್ಕಿತು, ಎಲ್ಲಿ ಹರಿದಿದೆ, ಹೇಗೆ ಹರಿಯಿತು, ಎಲ್ಲವೂ ಅದರಲ್ಲಿ ಪೆನ್ಸಿಲ್ಲಿನಲ್ಲಿ. ಈ ಫೋಟೋ ಜೊತೆ ನಾನು ತಂದಿದ್ದ ಚೀಟಿಯನ್ನು ನನ್ನ ಕೈಗೇ ಕೊಟ್ಟು, "ಏನಾಯ್ತೋ ಬರಿ," ಅಂದರು. 'ಸುಮಾ ಹಾಳು ಮಾಡಿದಳು' ಎಂದು ಬರೆದೆ. ಅಂಕಲ್ ಓದಿ, ನರ್ಸ್ ಹತ್ತಿರ ರಬ್ಬರ್ ಕೇಳಿ ಪಡೆದು, ಅದನ್ನು ಅಳಿಸಿದರು. ಆಮೇಲೆ ತಾವೇ ಬರೆದರು: 'ಬಿಸಿ ತಗುಲಿ ಸಹಿ ಹರಡಿದೆ. ಸುಮಾ ಕಾಪಾಡಲು ಹೋಗಿ ಆದದ್ದು.'

"ರೆಕಾರ್ಡ್ ಅಂದ್ಮೇಲೆ ಪೂರ್ತಿ ನಿಜ ಬರೀಬೇಕಮ್ಮ," ಅಂದರು.

ಆ ಫೋಟೋ ಹಾಳಾದದ್ದಕ್ಕೆ ನನಗೆ ಈಗಲೂ ಬೇಸರವಿದೆ. ಆದರೆ ಯಾರ ತಪ್ಪನ್ನಾದರೂ ಎತ್ತಿ ಆಡಲು ಹೊರಟಾಗ, ನಾನು ಹೇಳುತ್ತಿರುವುದು ಪೂರ್ತಿ ನಿಜವೇ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದೇನೆ.