ಪಟ್ಟಿ ಟೀಚರ್ ಮತ್ತು ಮಿಲ್ಲಿನ ಹಿಂದಿನ ಸಾಲು

ಶಾಲೆಯ ಮಕ್ಕಳಿಗೆ ಆಕೆ ಲೆಕ್ಕದ ಟೀಚರ್. ಹೊರಗಿನವರಿಗೆಲ್ಲ ಪಟ್ಟಿ ಟೀಚರ್. ನಮ್ಮ ವಾರ್ಡಿನ ಮತದಾರರ ಪಟ್ಟಿಯನ್ನು ಹತ್ತೊಂಬತ್ತು ವರ್ಷ ಮಾಡಿದ್ದು ಆಕೆಯೇ. ಆ ಕೆಲಸ ಬಂತೆಂದರೆ ಉಳಿದ ನಾವೆಲ್ಲ ಸೊಂಟನೋವು, ಮಂಡಿನೋವು ಎಂದು ಡಾಕ್ಟರ ಚೀಟಿ ತಂದು ಜಾರಿಕೊಳ್ಳುತ್ತಿದ್ದೆವು. ನಾನು ಡ್ರಾಯಿಂಗ್ ಮೇಷ್ಟ್ರು. ನನ್ನ ನೆಪ ಕಣ್ಣಿನದು. "ಚಿತ್ರ ಬರೆಯೋವಾಗ ಕಾಣೋ ಕಣ್ಣು ಹೆಸರು ಬರೆಯೋವಾಗ ಕಾಣಲ್ವಾ ಮೇಷ್ಟ್ರೇ?" ಎಂದು ನಕ್ಕು, ಆಕೆಯೇ ಪುಸ್ತಕ ಎತ್ತಿಕೊಂಡು ಹೊರಡುತ್ತಿದ್ದರು.

ಪಾಠ ಮುಗಿಸಿ, ಕೊಡೆ ಹಿಡಿದು, ಮನೆಮನೆ ಹತ್ತಿ ಇಳಿಯುತ್ತಿದ್ದರು. ಯಾರ ಮನೆಗೆ ಸೊಸೆ ಬಂದಳು, ಯಾರ ಮಗಳು ಗಂಡನ ಮನೆಗೆ ಹೋದಳು, ಯಾರಿಗೆ ಹದಿನೆಂಟು ತುಂಬಿತು, ಎಲ್ಲ ಬಾಯಲ್ಲೇ ಇತ್ತು. ಸತ್ತವರ ಹೆಸರು ತೆಗೆಯಬೇಕಾದಾಗ ಬಾಗಿಲಲ್ಲಿ ನಿಂತು ಕೇಳಿಕೊಂಡು ಬರುವವರಲ್ಲ. ಒಳಗೆ ಹೋಗಿ, ಐದು ನಿಮಿಷ ಕೂತು, ಸತ್ತವರ ಬಗ್ಗೆ ಎರಡು ಮಾತಾಡಿ, ಆಮೇಲೆ ಗೆರೆ ಎಳೆಯುತ್ತಿದ್ದರು. "ಒಂದು ಜೀವದ ಹೆಸರು ಹೊಡೀತಿದೀನಿ, ಸುಮ್ನೆ ಹೊಡೆಯೋಕಾಗುತ್ತಾ?" ಎನ್ನುತ್ತಿದ್ದರು.

ಮುಚ್ಚಿಹೋದ ನೂಲಿನ ಮಿಲ್ಲಿನ ಹಿಂದೆ ಎಂಬತ್ತಾರು ಮನೆಗಳ ಒಂದು ಸಾಲಿತ್ತು. ಕಾರ್ಮಿಕರಿಗೆಂದು ಕಟ್ಟಿದ ಒಂದೇ ಕೋಣೆಯ ಮನೆಗಳು. ಮಿಲ್ ನಿಂತ ಮೇಲೂ ಜನ ಅಲ್ಲೇ ಉಳಿದರು. ನಮ್ಮ ಶಾಲೆಯ ಕಸ ಗುಡಿಸಿ, ಗಂಟೆ ಹೊಡೆಯುತ್ತಿದ್ದ ಆಯಮ್ಮನ ಮನೆಯೂ ಆ ಸಾಲಿನಲ್ಲೇ. ಆಯಮ್ಮ ಟೀಚರ್‌ಗಿಂತ ಐದಾರು ವರ್ಷ ದೊಡ್ಡವಳು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದರು. ಟೀಚರ್ ಗಂಡ ನಿವೃತ್ತ ಬಸ್ ಕಂಡಕ್ಟರ್; ಎರಡು ಕಿಡ್ನಿಯೂ ಕೈಕೊಟ್ಟು ವಾರಕ್ಕೆ ಎರಡು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಟೀಚರ್‌ಗೆ ರಜೆ ಸಿಗದ ದಿನ ಆಯಮ್ಮನೇ ಅವರ ತೋಳು ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮುಗಿಯುವವರೆಗೂ ಬೆಂಚಿನ ಮೇಲೆ ಕೂತಿದ್ದು ಕರೆತರುತ್ತಿದ್ದಳು.

ಹಿಂದಿನ ನಗರಸಭೆ ಚುನಾವಣೆಯಲ್ಲಿ ನಮ್ಮ ವಾರ್ಡಿನ ಸದಸ್ಯ ಗೆದ್ದದ್ದು ಮೂವತ್ತನಾಲ್ಕೇ ಮತಗಳಿಂದ. ಮಿಲ್ಲಿನ ಸಾಲಿನವರಿಗೆ ಚರಂಡಿ ಮಾಡಿಸುತ್ತೇನೆಂದು ಮಾತು ಕೊಟ್ಟು ಐದು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಈ ಸಲ ಆ ಸಾಲಿನ ಇನ್ನೂರ ಎಪ್ಪತ್ತೊಂದು ಮತಗಳಲ್ಲಿ ಒಂದೂ ತನಗೆ ಬೀಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಚುನಾವಣೆಗೆ ತಿಂಗಳಿರುವಾಗ ಪಟ್ಟಿಯ ಉಸ್ತುವಾರಿ ಅಧಿಕಾರಿ ಟೀಚರನ್ನು ಕಚೇರಿಗೆ ಕರೆಸಿದ. ಮೇಜಿನ ಮೇಲೆ ಮೊದಲೇ ಟೈಪ್ ಮಾಡಿದ ಕಾಗದಗಳ ಕಟ್ಟು ಇತ್ತು. ಮಿಲ್ಲಿನ ಹಿಂದಿನ ಮನೆಗಳಿಗೆ ಖುದ್ದಾಗಿ ಹೋಗಿ ನೋಡಿದ್ದೇನೆ, ಎಲ್ಲ ಖಾಲಿ ಇವೆ, ನಿವಾಸಿಗಳು ಬೇರೆಡೆಗೆ ಹೋಗಿದ್ದಾರೆ ಎಂದು ಅದರಲ್ಲಿತ್ತು. ಕೆಳಗೆ ಟೀಚರ್ ಸಹಿಗೆ ಜಾಗ.

"ಸರ್, ಅಲ್ಲಿ ಜನ ಇದಾರೆ. ಇವತ್ತು ಬೆಳಿಗ್ಗೆ ನೋಡ್ಕೊಂಡೇ ಬಂದೆ."

"ನೀವು ಸಹಿ ಹಾಕದಿದ್ರೆ ಇನ್ನೊಬ್ರು ಹಾಕ್ತಾರೆ ಮೇಡಂ. ಯೋಚನೆ ಮಾಡಿ ಬನ್ನಿ."

ಅವತ್ತು ಸಹಿ ಹಾಕದೆ ಎದ್ದು ಬಂದರು. ವಾರದೊಳಗೆ ಎರಡನೇ ಕರೆ ಬಂತು. ಈ ಸಲ ಕಾಗದದ ಕಟ್ಟಿನ ಪಕ್ಕದಲ್ಲಿ ಇನ್ನೊಂದು ಹಾಳೆಯಿತ್ತು: ಅವರ ವರ್ಗಾವಣೆಯ ಆದೇಶ. ದಿನಕ್ಕೊಂದೇ ಬಸ್ ಹೋಗುವ ಕಡೆಗೆ. ಅಧಿಕಾರಿ ದನಿ ಎತ್ತಲಿಲ್ಲ. "ನಿಮ್ಮ ಯಜಮಾನ್ರಿಗೆ ಆಸ್ಪತ್ರೆ ಹತ್ರ ಇರ್ಬೇಕಲ್ವಾ? ನನಗೂ ಕನಿಕರ ಇದೆ," ಎಂದ. ಆಮೇಲೆ, "ಹೆಸರು ಹೋದ್ರೆ ಹೋಗ್ಲಿ, ಅವರು ಅರ್ಜಿ ಕೊಟ್ರೆ ಮತ್ತೆ ಸೇರಿಸೋಣ, ಅದಕ್ಕೇನಂತೆ," ಎಂದ.

ಆ ಕೊನೆಯ ಮಾತನ್ನು ಹಿಡಿದುಕೊಂಡು ಟೀಚರ್ ಸಹಿ ಹಾಕಿದರು. ಕೂಡಲೇ ಕೇಳಿದರು, "ಹಾಗಾದ್ರೆ ಸೇರ್ಪಡೆ ಫಾರಂ ಕೊಡಿ ಸರ್, ನಾನೇ ತುಂಬಿಸ್ತೀನಿ."

ಅಧಿಕಾರಿ ಕ್ಯಾಲೆಂಡರ್ ಕಡೆ ನೋಡಿದ. "ಅಯ್ಯೋ, ಈ ಚುನಾವಣೆಗೆ ಕೊನೇ ದಿನ ನಿನ್ನೆಗೇ ಮುಗೀತಲ್ಲ ಮೇಡಂ. ಮುಂದಿನ ಸಲ ನೋಡೋಣ."

ಇದನ್ನೆಲ್ಲ ಟೀಚರ್ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಆಗ ನನಗೆ ಕಂಡಿದ್ದು ಇಷ್ಟೇ: ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಟೀಚರ್ ಉತ್ತರಪತ್ರಿಕೆ ತಿದ್ದುವುದಿದೆ ಎಂದು ಸ್ಟಾಫ್ ರೂಮಿನಲ್ಲೇ ಕೂತುಬಿಡುತ್ತಿದ್ದರು. ಆಯಮ್ಮ ವರಾಂಡದಲ್ಲಿ ಸ್ವಲ್ಪ ಹೊತ್ತು ಕಾದು, ಒಬ್ಬಳೇ ತಿನ್ನುತ್ತಿದ್ದಳು.

ಮತದಾನದ ದಿನ ನಮ್ಮ ಶಾಲೆಯೇ ಮತಗಟ್ಟೆ. ಗೇಟಿನ ಒಳಗೆ ಒಂದು ಮೇಜು ಹಾಕಿ, ಪಟ್ಟಿಯಲ್ಲಿ ಹೆಸರು ಹುಡುಕಿ ಚೀಟಿ ಬರೆದುಕೊಡಲು ಟೀಚರನ್ನು ಕೂರಿಸಿದ್ದರು. ನಾನು ಸರದಿ ನೋಡಿಕೊಳ್ಳುವವನು. ಎಂಟು ಗಂಟೆಯ ಹೊತ್ತಿಗೆ ಮಿಲ್ಲಿನ ಸಾಲಿನವರು ಒಟ್ಟಿಗೆ ಬಂದರು. ತೊಳೆದ ಬಟ್ಟೆ, ಬಾಚಿದ ತಲೆ, ಕೈಯಲ್ಲಿ ಗುರುತಿನ ಚೀಟಿ. ಎಲ್ಲರಿಗಿಂತ ಮುಂದೆ ಆಯಮ್ಮ.

ಟೀಚರ್ ಪಟ್ಟಿಯ ಮೇಲೆ ಬೆರಳಿಟ್ಟು ಹುಡುಕಿದರು. ಇಲ್ಲವೆಂದು ಗೊತ್ತಿದ್ದ ಹೆಸರನ್ನು ಒಂದು ಪುಟ, ಎರಡು ಪುಟ, ಮತ್ತೆ ಮೊದಲಿಂದ ಹುಡುಕಿದರು.

"ನಿಧಾನಕ್ಕೆ ನೋಡಿ ಟೀಚರಮ್ಮ, ಎಲ್ಲಿಗೆ ಹೋಗುತ್ತೆ? ನೀವೇ ಬರೆದಿರೋದಲ್ವಾ," ಎಂದಳು ಆಯಮ್ಮ.

ಅವಳ ಹೆಸರಿಲ್ಲ. ಹಿಂದಿದ್ದವನದಿಲ್ಲ. ಅವನ ಹಿಂದಿದ್ದವಳದೂ ಇಲ್ಲ. ಹತ್ತು ಜನ ಆಗುವಷ್ಟರಲ್ಲಿ ಮತಗಟ್ಟೆಯ ಅಧಿಕಾರಿ ಹೊರಗೆ ಬಂದು, ಮನೆ ಖಾಲಿ ಮಾಡಿ ಹೋದವರೆಂದು ಹೆಸರು ತೆಗೆದಿದ್ದಾರೆ ಎಂದ; ಗದ್ದಲ ಎದ್ದಿತು. ಯಾರೋ ಮೇಜು ಗುದ್ದಿದರು. "ಕಣ್ಣೆದುರು ನಿಂತಿದೀವಿ, ಖಾಲಿ ಮಾಡ್ಕೊಂಡು ಹೋಗಿದೀವಂತೆ!" ಎಂದು ಒಬ್ಬ ಮುದುಕ ಕೂಗಿದ. ಪೊಲೀಸರು ಓಡಿಬಂದರು.

ಆಗ ಆಯಮ್ಮ ಟೀಚರ್‌ಗೆ ಅಡ್ಡ ಬಂದು ನಿಂತಳು. "ಟೀಚರಮ್ಮನ ಮೇಲೆ ಯಾಕ್ರೋ ಹಾರಾಡ್ತೀರಿ? ಬಿಸಿಲಲ್ಲಿ ನಮ್ಮ ಬಾಗಿಲಿಗೆ ಬಂದು ಬರ್ಕೊಂಡು ಹೋದೋರು ಇವರು. ಇವರು ಬರೆದಿದ್ದನ್ನ ಮೇಲಿನೋರು ಯಾರೋ ಹಾಳು ಮಾಡಿದಾರೆ." ಎಲ್ಲರನ್ನೂ ಗದರಿ ಹಿಂದೆ ಸರಿಸಿ, ಮಡಕೆಯಿಂದ ಒಂದು ಲೋಟ ನೀರು ತಂದು ಟೀಚರ್ ಮುಂದೆ ಹಿಡಿದಳು. "ಕುಡೀರಿ. ಮುಖ ಬಿಳಿಚ್ಕೊಂಡಿದೆ ನಿಮ್ದು."

ಟೀಚರ್ ಲೋಟ ತೆಗೆದುಕೊಳ್ಳಲಿಲ್ಲ. "ಆಯಮ್ಮ, ಮೇಲಿನೋರಲ್ಲ. ನಾನೇ. ಸಹಿ ನಂದೇ," ಎಂದರು.

ಆಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಟೀಚರ್ ಇನ್ನೊಮ್ಮೆ ಹೇಳಿದರು, ವರ್ಗಾವಣೆಯ ಮಾತನ್ನೂ ಹೇಳಿದರು. ಆಯಮ್ಮ ಲೋಟವನ್ನು ಮೇಜಿನ ಮೇಲಿಟ್ಟಳು.

"ನನಗೊಂದು ಮಾತು ಹೇಳಿದ್ರೆ ಆಗ್ತಿತ್ತು ಟೀಚರಮ್ಮ," ಎಂದಳು. "ವರ್ಷವೆಲ್ಲ ನನ್ನ ಏ ಆಯಮ್ಮ ಅಂತ್ಲೇ ಕೂಗ್ತಾರೆ. ಓಟಿನ ದಿನ ಮಾತ್ರ ಒಬ್ಬ ಆಫೀಸರು ಎಲ್ಲರಿಗೂ ಕೇಳೋ ಹಾಗೆ ನನ್ನ ಹೆಸರು ಓದ್ತಾನೆ. ಅದನ್ನ ಕೇಳೋಕೆ ಬರ್ತಿದ್ದೆ ನಾನು. ಯಾರು ಗೆದ್ರೆ ನನಗೇನು."

ಸಾಲಿನವರೆಲ್ಲ ಅವಳ ಹಿಂದೆ ಗೇಟು ದಾಟಿ ಹೋದರು. ಸದಸ್ಯ ನೂರ ಹನ್ನೆರಡು ಮತಗಳಿಂದ ಗೆದ್ದ.

ಮರುದಿನವೇ ಟೀಚರ್ ನಡೆದದ್ದೆಲ್ಲ ಬರೆದು ಜಿಲ್ಲಾ ಕಚೇರಿಗೆ ಕೊಟ್ಟರು. ಬೇಡವೆಂದು ನಾನೂ ಹೇಳಿದೆ, ಹೆಡ್ಮಾಸ್ಟರೂ ಹೇಳಿದರು. ಗಂಡ ಮಾತ್ರ ಹಾಸಿಗೆಯಿಂದಲೇ, "ನನ್ನ ನೆವಕ್ಕೆ ಹಾಕಿದ ಸಹಿ ಅಲ್ವಾ, ಹೋಗಿ ಕೊಟ್ಟು ಬಾ," ಎಂದರಂತೆ. ವಿಚಾರಣೆ ನಡೆಯಿತು. ಅಧಿಕಾರಿ ಒತ್ತಡ ಹಾಕಿದ್ದಕ್ಕೆ ಕಾಗದವಿರಲಿಲ್ಲ. ಸುಳ್ಳು ವರದಿಗೆ ಟೀಚರ್ ಸಹಿಯಿತ್ತು. ಅಧಿಕಾರಿ ಬಡ್ತಿ ಪಡೆದು ಬೇರೆ ಕಡೆ ಹೋದ. ಟೀಚರ್ ಸಸ್ಪೆಂಡ್ ಆದರು. ಸಾಲಿನ ನಾಲ್ಕು ಜನ ಸೇರಿ ಕೋರ್ಟಿಗೆ ಹಾಕಿದ ಅರ್ಜಿ ವಾಯಿದೆಯಿಂದ ವಾಯಿದೆಗೆ ಹೋಗುತ್ತಾ ಉಳಿಯಿತು.

ಆ ಚಳಿಗಾಲದಲ್ಲಿ ಗಂಡ ತೀರಿಕೊಂಡರು. ಆಯಮ್ಮ ಬಂದಳು. ಹೆಣದ ಕಾಲ ಬಳಿ ಒಂದು ಗಳಿಗೆ ನಿಂತು, ಟೀಚರ್ ಕಡೆ ತಿರುಗದೆ ಹೋದಳು.

ಇಷ್ಟಕ್ಕೇ ಮುಗಿದಿದ್ದರೆ ಟೀಚರ್ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಆದರೆ ಮಿಲ್ಲಿನ ಸಾಲಿನ ಬೀದಿ ನಲ್ಲಿ ಕೆಟ್ಟಾಗ ದುರಸ್ತಿಗೆ ಯಾರೂ ಬರಲಿಲ್ಲ. ಜನ ನಗರಸಭೆಗೆ ಹೋಗಿ ಕೇಳಿದರೆ ಸದಸ್ಯ ಟೀಚರ್ ವರದಿಯ ಪ್ರತಿಯನ್ನೇ ತೆಗೆದು ತೋರಿಸಿದ. ಮನೆಗಳು ಖಾಲಿ ಇವೆಯೆಂದು ಸರ್ಕಾರಿ ಟೀಚರೇ ಬರೆದುಕೊಟ್ಟಿದ್ದಾರೆ, ಖಾಲಿ ಮನೆಗೆ ನೀರು ಯಾಕೆ ಎಂದ. ಆಮೇಲೆ ಬೀದಿದೀಪ ಹೋಯಿತು. ಕಸದ ಗಾಡಿ ನಿಂತಿತು. ಮೊದಲು ಎಳೆ ಮಕ್ಕಳಿದ್ದವರು ಬೇರೆ ಕಡೆ ಬಾಡಿಗೆ ಹುಡುಕಿಕೊಂಡರು, ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಜಾಗ ಬಿಟ್ಟರು. ಒಂದೂವರೆ ವರ್ಷದಲ್ಲಿ ಎಂಬತ್ತಾರು ಮನೆಗಳೂ ನಿಜವಾಗಿಯೇ ಖಾಲಿಯಾದವು. ಕಾಗದದಲ್ಲಿ ಸುಳ್ಳು ಅನ್ನುವುದಕ್ಕೆ ಏನೂ ಉಳಿಯಲಿಲ್ಲ. ಆಯಮ್ಮ ಶಾಲೆ ಬಿಟ್ಟು ಮಗಳ ಊರಿಗೆ ಹೋದಳು.

ಪಟ್ಟಿಯ ಕೆಲಸ ನನ್ನ ತಲೆಗೆ ಬಂತು. ಈ ಸಲ ಕಣ್ಣಿನ ನೆಪ ಹೇಳಲಿಲ್ಲ.

ಸಸ್ಪೆನ್ಷನ್ ತೆಗೆದು ಟೀಚರನ್ನು ದೂರದ ಶಾಲೆಗೆ ಹಾಕಿದರು. ಹೊರಡುವ ಮುಂಚೆ ನನ್ನ ಹತ್ತಿರ ಬಂದು ಒಂದು ಸೇರ್ಪಡೆ ಫಾರಂ ಇಸಿದುಕೊಂಡು, ಎರಡು ಬಸ್ ಬದಲಿಸಿ ಆಯಮ್ಮನ ಮಗಳ ಮನೆಗೆ ಹೋದರು. ಅವಳ ಹುಟ್ಟಿದ ವರ್ಷ, ತಂದೆಯ ಹೆಸರು ಎಲ್ಲ ನೆನಪಿನಿಂದಲೇ ತುಂಬಿದ್ದರು. ಸಹಿಯೊಂದೇ ಬಾಕಿ.

ಮಾರನೆಯ ದಿನ ವಾಪಸು ಬಂದು ಫಾರಂ ನನ್ನ ಮೇಜಿನ ಮೇಲಿಟ್ಟರು. ಸಹಿಯ ಜಾಗ ಬಿಳಿಯಾಗಿಯೇ ಇತ್ತು.

"ಬೈದಳಾ?" ಎಂದೆ.

"ಇಲ್ಲ ಮೇಷ್ಟ್ರೇ. ಒಳಗೆ ಕರೆದಳು, ಅನ್ನ ಬಡಿಸಿದಳು. ಫಾರಂ ತೆಗೆದಾಗ, ಅದೊಂದು ಬೇಡ ಟೀಚರಮ್ಮ, ಯಾವ ಪಟ್ಟಿಯೂ ಬೇಡ ನನಗೆ ಅಂದಳು. ಆಮೇಲೆ ಬಸ್ ಸ್ಟಾಂಡ್ ತನಕ ನನ್ನ ಚೀಲ ಹಿಡ್ಕೊಂಡು ಬಂದಳು." ಟೀಚರ್ ಕುರ್ಚಿಯ ಬೆನ್ನು ಹಿಡಿದು ನಿಂತರು. "ಬೈದಿದ್ರೆ ಚೆನ್ನಾಗಿತ್ತು."